ಜೋಲುಗಿವಿ ಓಲೆಯಾದ ಬಗೆ

ಸೊಸೆ ಕೊಂಡು ತಂದ ಕೈಚೀಲದ ಮೇಲೆ ಬೆಟ್ಟಿ ಬೂಪ್ ಇದ್ದಳು. ಕೊಡದಷ್ಟು ತಲೆ, ಹಣೆಗಂಟಿದ ಗುಂಗುರು, ಮೊಣಕಾಲಿಗಿಂತ ಬಹಳ ಮೇಲೆಯೇ ನಿಂತ ಲಂಗ. ನಾನು ಮೂಗು ಮುರಿದೆ. "ಮೊದಲು ನೋಡಿ ಅತ್ತೆ, ಆಮೇಲೆ ಬೈಯಿರಿ" ಎಂದು ಅವಳು ಆ ಹಳೆಯ ಕಪ್ಪು ಬಿಳುಪು ಕಾರ್ಟೂನುಗಳನ್ನು ಒಂದೊಂದಾಗಿ ಹಾಕಿ ತೋರಿಸಿದಳು.

ಬೆಟ್ಟಿ ಹುಟ್ಟುವಾಗ ಪೂರ್ತಿ ಹೆಣ್ಣಾಗಿರಲಿಲ್ಲ. 1930ರಲ್ಲಿ ಮ್ಯಾಕ್ಸ್ ಫ್ಲೈಷರರ ನ್ಯೂಯಾರ್ಕ್ ಸ್ಟುಡಿಯೋದಿಂದ ಬಂದ 'ಡಿಜ್ಜಿ ಡಿಶಸ್'ನಲ್ಲಿ ಆಕೆ ಹೋಟೆಲಿನ ವೇದಿಕೆಯ ಹಾಡುಗಾರ್ತಿ. ಅರ್ಧ ಹುಡುಗಿ, ಅರ್ಧ ನಾಯಿ. ಹೆಸರೂ ಇಲ್ಲ. ಆಕೆಯ ರೂಪ ಬರೆದವರು ಗ್ರಿಮ್ ನ್ಯಾಟ್‌ವಿಕ್. ನಾಯಕ ಬಿಂಬೊ ನಾಯಿ, ಹಾಗಾಗಿ ಜೋಡಿಗೂ ಜೋಲುಗಿವಿ! 1932ರ ಹೊತ್ತಿಗೆ ಆ ಕಿವಿಗಳು ಬಳೆಯಂಥ ಓಲೆಗಳಾದವು, ಕಪ್ಪು ಮೂಗು ಪುಟ್ಟದಾಯಿತು. ಬಿಂಬೊ ನಾಯಿಯಾಗಿಯೇ ಉಳಿದ. ಅದೇ ವರ್ಷ ಸರಣಿಯೇ ಬೆಟ್ಟಿಯ ಹೆಸರಿಗೆ ಬಂತು.

ದನಿಯೂ ಎರವಲಿನದು. ಅದು ತನ್ನದೆಂದು ಗಾಯಕಿ ಹೆಲೆನ್ ಕೇನ್ ಎರಡೂವರೆ ಲಕ್ಷ ಡಾಲರಿಗೆ ದಾವೆ ಹೂಡಿ, 1934ರಲ್ಲಿ ಸೋತಳು. ಬೇಬಿ ಎಸ್ತರ್ ಎಂಬ ಕಪ್ಪು ಹುಡುಗಿ ಮೊದಲೇ ಹಾಗೆ ಹಾಡುತ್ತಿದ್ದಳೆಂಬ ಸಾಕ್ಷ್ಯ ನ್ಯಾಯಾಲಯದಲ್ಲಿ ಬಂತು. ಆ ಮಗುವಿಗೆ ಮಾತ್ರ ಯಾರೂ ಸರಣಿ ಮಾಡಲಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು 1932ರ 'ಬೂಪ್ ಊಪ್ ಎ ಡೂಪ್'. ಬೆಟ್ಟಿ ಸರ್ಕಸ್ಸಿನವಳು, ಹಗ್ಗದ ಮೇಲೆ ನಡೆಯುತ್ತಾಳೆ, ಸಿಂಹಗಳನ್ನು ಆಡಿಸುತ್ತಾಳೆ. ಆಟ ಮುಗಿದ ಮೇಲೆ ರಿಂಗ್ ಮಾಸ್ಟರ್ ಅವಳ ಡೇರೆಗೆ ಬಂದು ಕಾಲು ಸವರುತ್ತಾನೆ, ಒಪ್ಪದಿದ್ದರೆ ಕೆಲಸ ಹೋದೀತೆಂದು ಹೆದರಿಸುತ್ತಾನೆ. ಮಕ್ಕಳೂ ನೋಡುವ ಕಾರ್ಟೂನಿನಲ್ಲಿ ಇಷ್ಟು ನಿಜ! ಕೋಕೊ ಎಂಬ ಕೋಡಂಗಿ ಬಂದು ಪಾರುಮಾಡಿದ್ದು ನನಗೆ ಹಿಡಿಸಲಿಲ್ಲ. ಸಿಂಹಕ್ಕೆ ಹೆದರದವಳು ಇವನಿಗೊಂದು ಬಿಟ್ಟಿದ್ದರೆ ಚೆನ್ನಾಗಿತ್ತು.

1934ರಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಯಿತು. ಅಂಥ ರಿಂಗ್ ಮಾಸ್ಟರುಗಳೂ ಮರೆಯಾದರು, ನಿಜ. ಆದರೆ ತಿದ್ದಿಕೊಳ್ಳಬೇಕಾಗಿ ಬಂದವಳು ಬೆಟ್ಟಿ: ಲಂಗ ಇಳಿಯಿತು, ಕೊರಳಪಟ್ಟಿ ಏರಿತು. ನನಗೆ ಹಳೆಯದೊಂದು ನೆನಪಾಯಿತು. ಕಾಲೇಜಿನ ಬಸ್ಸಿನಲ್ಲಿ ಒಬ್ಬ ಕೈ ತಾಗಿಸಿದನೆಂದು ಮನೆಯಲ್ಲಿ ಅಳುತ್ತ ಹೇಳಿದೆ. ಮರುದಿನ ನನ್ನ ದಾವಣಿಗೆ ಇನ್ನೊಂದು ಪಿನ್ನು ಬಿತ್ತು. ಅವನು ಯಾರೆಂದು ಯಾರೂ ಕೇಳಲಿಲ್ಲ.

ಉದ್ದ ಲಂಗದ ಬೆಟ್ಟಿ ಸಪ್ಪೆಯಾದಳೆಂದು ವಿಮರ್ಶಕರು ಹೇಳುತ್ತಾರೆ. ಬಹುಪಾಲು ಒಪ್ಪುತ್ತೇನೆ, ಪಡ್ಜಿ ಎಂಬ ನಾಯಿಮರಿಯ ಹಿಂದೆ ಓಡುವುದೇ ಅವಳ ಕಥೆಯಾಯಿತು, 1939ಕ್ಕೆ ಸರಣಿಯೇ ನಿಂತಿತು. ಆದರೆ 1937ರ 'ಹೌಸ್ ಕ್ಲೀನಿಂಗ್ ಬ್ಲೂಸ್' ನೋಡಿದವರು ಅವರಲ್ಲಿ ಎಷ್ಟು ಮಂದಿ ಪಾತ್ರೆ ತೊಳೆದವರೋ! ಹುಟ್ಟುಹಬ್ಬದ ಮರುದಿನ ಮನೆ ತುಂಬ ಎಂಜಲು ತಟ್ಟೆ, ನಡುವೆ ಸೋತು ನಿಂತ ಬೆಟ್ಟಿ. ಗ್ರ್ಯಾಂಪಿ ಎಂಬ ಮುದುಕ ಬಂದು ಏನೇನೋ ಯಂತ್ರ ಹೂಡಿ ಎಲ್ಲ ಬೆಳಗುತ್ತಾನೆ. ಅಂಥ ಮುದುಕರು ಕಾರ್ಟೂನಿನಲ್ಲಷ್ಟೇ ಸಿಗುತ್ತಾರೆ.

"ಇನ್ನೊಂದು ಹಾಕಲೇ ಅತ್ತೆ?" ಎಂದಳು ಸೊಸೆ.

"ಆ ಸರ್ಕಸ್ಸಿನದೇ ಇನ್ನೊಮ್ಮೆ ಹಾಕಮ್ಮ" ಎಂದೆ.