ನರತಂತುವಿನ ವಿಭವದಲ್ಲಿ ಕಾರಣನಿರ್ಣಯ

ನರತಂತುವಿನ ಪೊರೆಯ ಒಳಹೊರಗುಗಳ ನಡುವಣ ವಿದ್ಯುದ್ವಿಭವವು ಅಯಾನುಗಳ ಸಾರತೆಯನ್ನು ಅನುಸರಿಸಿರುವುದೆಂಬುದು ಶರೀರಶಾಸ್ತ್ರದಲ್ಲಿ ನಿರ್ವಿವಾದವಾದ ವಿಷಯ. ಆದರೆ ಇದನ್ನು ಬೋಧಿಸುವ ಪಾಠಗಳಲ್ಲಿ, ಸೋಡಿಯಂ ಪಂಪೇ ಈ ವಿಭವವನ್ನು ಹುಟ್ಟಿಸುವುದೆಂದೂ, ಪ್ರತಿಯೊಂದು ಆವೇಗದ ಬಳಿಕ ಅದೇ ವಿಭವವನ್ನು ಪೂರ್ವಸ್ಥಿತಿಗೆ ತರುವುದೆಂದೂ ಹೇಳುವ ವಾಕ್ಯಗಳು ಆಗಾಗ ಕಾಣಬರುವುವು. ಪ್ರಸ್ತುತ ಲೇಖಕನು ತರ್ಕವನ್ನು ಓದಿದವನೇ ಹೊರತು ಶರೀರಶಾಸ್ತ್ರವನ್ನಲ್ಲ. ಆದರೂ ಯಾವುದು ಕಾರಣ, ಯಾವುದು ಅನ್ಯಥಾಸಿದ್ಧ ಎಂಬ ವಿಚಾರವು ಸರ್ವಶಾಸ್ತ್ರಗಳಿಗೂ ಸಮಾನವಾದುದರಿಂದ ಇಲ್ಲಿ ಪ್ರವರ್ತಿಸಿದ್ದೇನೆ.

ಮೊದಲು ವಸ್ತುಸ್ಥಿತಿ. ಸ್ಕ್ವಿಡ್ ಎಂಬ ಸಮುದ್ರಜೀವಿಯ ಮಹಾತಂತುವಿನ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 400 ಮಿಲಿಮೋಲ್, ಹೊರಗಣ ರಕ್ತದಲ್ಲಿ 20. ಸೋಡಿಯಂ ಒಳಗೆ ಸುಮಾರು 50, ಹೊರಗೆ 440. ಪೊರೆಯು ಪೊಟ್ಯಾಸಿಯಮಿಗೆ ಮಾತ್ರ ದಾರಿ ಕೊಟ್ಟರೆ, ಆ ಅಯಾನುಗಳು ಕೊಂಚ ಹೊರಬಿದ್ದು ಒಳಭಾಗವು ಋಣವಾಗುವುದು. ಆ ಋಣದ ಆಕರ್ಷಣೆಯು ಹೊರಹರಿವಿಗೆ ಸಮವಾದೊಡನೆ ಚಲನೆ ನಿಲ್ಲುವುದು. 20 ಡಿಗ್ರಿ ಉಷ್ಣತೆಯಲ್ಲಿ ಸಾರತೆಯ ಹತ್ತುಪಟ್ಟು ಅಂತರಕ್ಕೆ 58 ಮಿಲಿವೋಲ್ಟ್ ಎಂಬ ನರ್ನ್‌ಸ್ಟನ ನಿಯಮದಂತೆ, ಪೊಟ್ಯಾಸಿಯಮಿನ ಸಮತೋಲ ಋಣ 75, ಸೋಡಿಯಮಿನದು ಧನ 55. ವಿಶ್ರಾಂತಿಯಲ್ಲಿ ಪೊರೆಯು ಮೊದಲನೆಯದರ ಸಮೀಪದಲ್ಲಿರುವುದು. ಆವೇಗದಲ್ಲಿ ಎರಡನೆಯದರ ಕಡೆಗೆ ಧಾವಿಸುವುದು.

1902ರಲ್ಲಿ ಬರ್ನ್‌ಸ್ಟೈನನು ಆವೇಗದಲ್ಲಿ ಪೊರೆಯು ಎಲ್ಲ ಅಯಾನುಗಳಿಗೂ ತೆರೆದುಕೊಳ್ಳುವುದೆಂದು ಊಹಿಸಿದನು. ಹಾಗಾದರೆ ವಿಭವವು ಶೂನ್ಯದ ಹತ್ತಿರ ನಿಲ್ಲಬೇಕು. ಅದನ್ನು ದಾಟಿ ಧನವಾಗುವುದಕ್ಕೆ ಉಪಪತ್ತಿಯಿಲ್ಲ. 1949ರಲ್ಲಿ ಹಾಡ್‌ಕಿನ್ ಮತ್ತು ಕಾಟ್ಜ್ ಪ್ರಕಟಿಸಿದ ಪ್ರಬಂಧವು ಈ ಗಂಟನ್ನು ಬಿಡಿಸಿತು. ಅವರು ಸಮುದ್ರಜಲದ ಒಂದಂಶಕ್ಕೆ ಬದಲಾಗಿ ದ್ರಾಕ್ಷಾಶರ್ಕರೆಯ ದ್ರಾವಣವನ್ನಿತ್ತು ಸೋಡಿಯಮನ್ನು ತಗ್ಗಿಸಲು, ಆವೇಗದ ಶಿಖರವು ತಗ್ಗಿತು. ವಿಶ್ರಾಂತಿವಿಭವವಾದರೋ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಸೋಡಿಯಮನ್ನು ಹೆಚ್ಚಿಸಲು ಶಿಖರವು ಏರಿತು. ಅನ್ವಯವೂ ವ್ಯತಿರೇಕವೂ ಇಷ್ಟು ನಿರ್ಮಲವಾಗಿ ಒಂದೇ ಕಡೆ ಸೇರಿರುವ ಬರೆಹವು ವಿರಳ. ಒಂದನ್ನು ಕದಲಿಸಿ ಮತ್ತೊಂದನ್ನು ಕದಲದಂತೆ ಕಂಡುಕೊಂಡುದೇ ಅದರ ಗುಣ.

ಇನ್ನು ಪಂಪಿನ ವಿಚಾರ. ಒಂದು ಆವೇಗದಲ್ಲಿ ಪೊರೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ದಾಟುವ ಸೋಡಿಯಂ ಒಂದು ಮೋಲಿನ ಲಕ್ಷಕೋಟಿಯಲ್ಲಿ ಮೂರುನಾಲ್ಕು ಭಾಗ; ಹೊರಬೀಳುವ ಪೊಟ್ಯಾಸಿಯಮೂ ಸುಮಾರು ಅಷ್ಟೇ. ಅರ್ಧ ಮಿಲಿಮೀಟರ್ ವ್ಯಾಸದ ತಂತುವಿನಲ್ಲಿ ಅದು ಒಳಗಿರುವ ಪೊಟ್ಯಾಸಿಯಮಿನ ಸುಮಾರು ಹತ್ತುಲಕ್ಷದ ಒಂದಂಶ. ಆದುದರಿಂದ ಆವೇಗದಲ್ಲಿ ಸಾರತೆಗಳು ತಲೆಕೆಳಗಾಗುವುವೆಂಬ ಮಾತು ಸಾಧುವಲ್ಲ. ತಲೆಕೆಳಗಾಗುವುದು ವಿಭವ ಮಾತ್ರ. ಅದನ್ನು ಮರಳಿಸುವುದು ಸೋಡಿಯಮಿನ ದ್ವಾರವು ಮುಚ್ಚಿ ಪೊಟ್ಯಾಸಿಯಮಿನ ದ್ವಾರವು ತೆರೆಯುವುದರಿಂದ. 1955ರಲ್ಲಿ ಹಾಡ್‌ಕಿನ್ ಮತ್ತು ಕೀನ್ಸ್ ಪಂಪನ್ನು ವಿಷದಿಂದ ತಡೆದಾಗಲೂ ತಂತುವು ಆವೇಗಗಳನ್ನು ವಹಿಸುತ್ತಲೇ ಇದ್ದಿತು.

ಹಾಗಾದರೆ ಪಂಪು ನಿರರ್ಥಕವೇ? ಅಲ್ಲ. ಘಟಕ್ಕೆ ಕುಂಬಾರನ ತಂದೆಯು ಕಾರಣನಲ್ಲವೆಂದು ನೈಯಾಯಿಕರು ಹೇಳುವರು. ಆದರೆ ಆತನಿಲ್ಲದೆ ಕುಂಬಾರನಿಲ್ಲ. ಸಾರತೆಗಳ ಅಂತರವನ್ನು ಚಿರಕಾಲ ಕಾಪಾಡತಕ್ಕುದು ಪಂಪೇ. ಅದು ನಿಂತರೆ ಕ್ರಮೇಣ ಎಲ್ಲವೂ ನಿಲ್ಲುವುದು. ಮೂರು ಸೋಡಿಯಮನ್ನು ಹೊರಹಾಕಿ ಎರಡು ಪೊಟ್ಯಾಸಿಯಮನ್ನು ಒಳತರುವುದರಿಂದ ವಿಭವಕ್ಕೆ ಅಲ್ಪವಾಗಿ ನೇರವಾಗಿಯೂ ಸೇರಿಸುವುದು. ಇಷ್ಟರಮಟ್ಟಿಗೆ ದೃಷ್ಟಾಂತವು ಏಕದೇಶಿ. ಕೆರೆಯನ್ನು ತುಂಬಿಸುವವನು ಬೇರೆ, ತೂಬನ್ನು ತೆರೆಯುವವನು ಬೇರೆ. ಇಬ್ಬರನ್ನೂ ಒಬ್ಬನೆಂದರೆ ಗದ್ದೆಗೆ ನೀರು ಬಂದ ಬಗೆ ತಿಳಿಯದು.

‘ವಿಶ್ರಾಂತಿ’ ಎಂಬ ಪದವೂ ಈ ಭ್ರಾಂತಿಗೆ ಎಡೆಗೊಡುವುದು, ಆಗಲೂ ಅಯಾನುಗಳು ಸೋರುತ್ತಲೇ ಇರುವುದರಿಂದ. ‘ಸ್ಥಿತಿವಿಭವ’ ಎಂದರೆ ಲೇಸು. ಹಾಗೆಯೇ ‘ಸಾಂದ್ರತೆ’ಯು ದ್ರವ್ಯದ ಒತ್ತಟ್ಟನ್ನೂ ಸೂಚಿಸುವುದರಿಂದ ‘ಸಾರತೆ’ಯೇ ಇಲ್ಲಿ ಯುಕ್ತ. ನಾನೂ ಹಿಂದೆ ವಿದ್ಯಾರ್ಥಿಗಳ ಪಾಠವೊಂದರ ಭಾಷೆಯನ್ನು ತಿದ್ದುವಾಗ ಪಂಪಿನ ವಾಕ್ಯವನ್ನು ವ್ಯಾಕರಣಶುದ್ಧವೆಂದು ಹಾಗೆಯೇ ಬಿಟ್ಟೆನು. ಶಬ್ದವು ಶುದ್ಧವಾಗಿದ್ದು ಅರ್ಥವು ಅಶುದ್ಧವಾಗಿರಬಹುದೆಂಬುದನ್ನು ಆ ಪ್ರಮಾದದಿಂದ ಕಲಿತೆನು. ಬೋಧಕರು ಇದನ್ನು ಪರಿಭಾವಿಸಬೇಕೆಂದು ವಿಜ್ಞಾಪಿಸುತ್ತೇನೆ.