ನೆರೆಹೊರೆಯ ವಾರಪತ್ರಿಕೆ: ಗುಣದೋಷ ವಿವೇಚನೆ

ಮಹಾನಗರದ ದಿನಪತ್ರಿಕೆಗೆ ರಾಷ್ಟ್ರದ ಚಿಂತೆಯುಂಟು, ಲೋಕದ ವಾರ್ತೆಯುಂಟು. ಒಂದು ಬೀದಿಯ ಸುಖದುಃಖಗಳಿಗೆ ಅದರಲ್ಲಿ ಎಡೆ ದೊರೆಯುವುದು ವಿರಳ. ಈ ಕೊರತೆಯನ್ನು ತುಂಬಲು ಹುಟ್ಟಿದ ವಾರಪತ್ರಿಕೆಗಳಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಅಗ್ರಗಣ್ಯವಾದುದು. ಹೆಸರಿಗೆ ಅದು ಹಳ್ಳಿಯ ದನಿ. ಆ ಹಳ್ಳಿಯಾದರೋ ಮಹಾನಗರದ ಒಳಗಿನ ಗ್ರೀನಿಚ್ ವಿಲೇಜ್ ಎಂಬ ಕೇರಿ. 1955ರ ಅಕ್ಟೋಬರಿನಲ್ಲಿ ಡ್ಯಾನ್ ವುಲ್ಫ್, ಎಡ್ ಫ್ಯಾಂಚರ್, ಕಾದಂಬರಿಕಾರ ನಾರ್ಮನ್ ಮೈಲರ್ ಮೊದಲಾದವರು ಅದನ್ನು ಹೊರಡಿಸಿದರು. ಬಿಡಿ ಪ್ರತಿಗೆ ಐದು ಸೆಂಟು.

ಪತ್ರಿಕೆಯ ಮುಖ್ಯ ಗುಣ ಸಾಮೀಪ್ಯ. ದೊಡ್ಡ ರಂಗಮಂದಿರಗಳ ಹೊರಗೆ, ಸಣ್ಣ ಕೊಠಡಿಗಳಲ್ಲಿ ನಡೆಯುತ್ತಿದ್ದ ನಾಟಕಗಳನ್ನು ಅದು ಆದರದಿಂದ ವಿಮರ್ಶಿಸಿತು. 1956ರಲ್ಲಿ ಅವಕ್ಕೆಂದೇ ‘ಓಬಿ’ ಎಂಬ ಬಹುಮಾನಗಳನ್ನು ಸ್ಥಾಪಿಸಿತು. ವಾಷಿಂಗ್ಟನ್ ಸ್ಕ್ವೇರ್ ಉದ್ಯಾನವನ್ನು ಸೀಳಿ ಹೆದ್ದಾರಿಯನ್ನು ಒಯ್ಯುವ ಯೋಜನೆ ಬಂದಾಗ ನಿವಾಸಿಗಳ ಪಕ್ಷವನ್ನು ವಹಿಸಿತು, ರಸ್ತೆಯಾಗಲಿಲ್ಲ, ಉದ್ಯಾನವುಳಿಯಿತು. ಬಾಡಿಗೆದಾರರನ್ನು ಪೀಡಿಸುವ ಹತ್ತು ಮಂದಿ ಮನೆಯೊಡೆಯರ ಪಟ್ಟಿಯನ್ನು ಜ್ಯಾಕ್ ನ್ಯೂಫೀಲ್ಡ್ ಹೆಸರು ಸಹಿತ ಅಚ್ಚುಹಾಕಿಸಿದನು. ದೂರದಿಂದ ನೋಡುವವನಿಗೆ ಇವು ಅಲ್ಪ ವಿಷಯಗಳು. ಆ ಮನೆಗಳಲ್ಲಿ ಬಾಳುವವರಿಗೆ ಜೀವನದ ಪ್ರಶ್ನೆಗಳು.

ದೋಷಗಳೂ ಇಲ್ಲದಿಲ್ಲ. ಲೇಖಕರಿಗೆ ಸಂಪಾದಕರು ಕೊಟ್ಟ ಸ್ವಾತಂತ್ರ್ಯ ಹಿರಿದು. ಅದರ ಫಲವಾಗಿ ಬರೆವವನ ‘ನಾನು’ ಎಂಬುದು ಎಷ್ಟೋ ವೇಳೆ ಬರೆದ ವಿಷಯವನ್ನೇ ಮರೆಮಾಡುವುದು. ಸಹೋದ್ಯೋಗಿಗಳು ಪುಟಪುಟಗಳಲ್ಲಿ ಪರಸ್ಪರ ಜಗಳವಾಡುವುದೂ ಉಂಟು. ಆದರೆ ಅಚ್ಚುಕಟ್ಟಾದ ನಿರ್ಜೀವ ಗದ್ಯಕ್ಕಿಂತ ಈ ಗದ್ದಲವೇ ಮೇಲೆಂದು ಓದುಗರು ಬಗೆದಂತಿದೆ.

ಇವೆಲ್ಲಕ್ಕಿಂತ ಗಹನವಾದ ದೋಷವು ಲೇಖನಗಳಲ್ಲಲ್ಲ, ಜಾಹೀರಾತಿನ ಪುಟಗಳಲ್ಲಿ ಅಡಗಿತ್ತು. ಪತ್ರಿಕೆ ಅಂಗಡಿಗೆ ಬರುವ ಮಂಗಳವಾರ ರಾತ್ರಿ ಆಸ್ಟರ್ ಪ್ಲೇಸಿನಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವರಿಗೆ ಬೇಕಾಗಿದ್ದುದು ನಾಟಕವಿಮರ್ಶೆಯಲ್ಲ, ಬಾಡಿಗೆ ಮನೆಗಳ ಪಟ್ಟಿ. ಮನೆಯನ್ನರಸಿ ಬಂದವನು ವಿಮರ್ಶೆಯನ್ನೂ ಓದಿದನು. ಮನೆಯೊಡೆಯರನ್ನು ಖಂಡಿಸಿದ ಪತ್ರಿಕೆ ಬಾಡಿಗೆಯ ಜಾಹೀರಾತಿನಿಂದಲೇ ಹೊಟ್ಟೆ ಹೊರೆಯಿತು. 1996ರಲ್ಲಿ ನಗರದೊಳಗೆ ಅದನ್ನು ಉಚಿತವಾಗಿ ಹಂಚತೊಡಗಿದರು. ಓದುಗನ ಕಾಸು ಅಂದಿಗೆ ಕೈಬಿಟ್ಟಿತು. ಮುಂದೆ ಕ್ರೇಗ್ಸ್‌ಲಿಸ್ಟ್ ಮೊದಲಾದ ಅಂತರ್ಜಾಲ ತಾಣಗಳು ಸಣ್ಣ ಜಾಹೀರಾತುಗಳನ್ನು ಸೆಳೆದುಕೊಂಡಾಗ ಜಾಹೀರಾತಿನ ಕಾಸೂ ಕೈಬಿಟ್ಟಿತು. 2017ರ ಸೆಪ್ಟೆಂಬರಿನಲ್ಲಿ ಮುದ್ರಣ ನಿಂತಿತು. 2018ರ ಆಗಸ್ಟಿನಲ್ಲಿ ಪತ್ರಿಕೆಯೇ ನಿಂತಿತು. 2021ರಲ್ಲಿ ಹೆಸರೇನೋ ಪುನಃ ಕಾಣಿಸಿಕೊಂಡಿತು, ಆದರೆ ವಾರವಾರದ ಮುದ್ರಿತ ಪತ್ರಿಕೆಯಾಗಿ ಅಲ್ಲ.

ಇದಕ್ಕೆ ಪ್ರತಿಯಾಗಿ ಕನ್ನಡಿಗರು ಬಲ್ಲ ನಿದರ್ಶನವೊಂದುಂಟು. 1980ರಲ್ಲಿ ಬೆಂಗಳೂರಿನಿಂದ ಹೊರಟ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಒಲ್ಲೆನೆಂದಿತು. ಅದರ ವ್ಯಾಪ್ತಿ ಒಂದು ನಗರವಲ್ಲ, ಇಡೀ ನಾಡು. ಆದರೂ ಸ್ವಾತಂತ್ರ್ಯದ ಹಂಬಲ ಎರಡಕ್ಕೂ ಸಮಾನ. ಓದುಗನು ಕೊಟ್ಟ ಬೆಲೆಯಿಂದಲೇ ಅದು ಬದುಕಿ, ಮಂತ್ರಿಗಳನ್ನು ಅಂಜದೆ ಟೀಕಿಸಿತು. ಆದರೆ ಆ ಬಲವು ಬಹುಮಟ್ಟಿಗೆ ಸಂಪಾದಕನೊಬ್ಬನ ಲೇಖನಿಯನ್ನು ನಚ್ಚಿಕೊಂಡಿತ್ತು. 2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡ ಬಳಿಕ ಆ ಸ್ಥಾನವನ್ನು ತುಂಬುವುದು ಸುಲಭವಾಗಲಿಲ್ಲ.

ಹೀಗೆ ಒಂದಕ್ಕೆ ಜಾಹೀರಾತು ಆಧಾರ, ಮತ್ತೊಂದಕ್ಕೆ ವ್ಯಕ್ತಿ ಆಧಾರ. ಎರಡೂ ಶಾಶ್ವತವಲ್ಲ. ಪತ್ರಿಕೆ ನಿಂತ ಮಾತ್ರಕ್ಕೆ ದುಷ್ಟ ಮನೆಯೊಡೆಯನು ಊರು ಬಿಡುವುದಿಲ್ಲ. ಅವನ ಹೆಸರನ್ನು ಅಚ್ಚುಹಾಕುವವರು ಮಾತ್ರ ಇಲ್ಲವಾಗುವರು. ನೆರೆಹೊರೆಯ ದನಿ ಬೇಕೆನ್ನುವ ಗೃಹಸ್ಥನು ಅದನ್ನು ಓದಿ ಮೆಚ್ಚಿದರೆ ಸಾಲದು. ಚಂದಾ ಹಣವನ್ನು ಮನೆಯ ಹಾಲಿನ ಲೆಕ್ಕದೊಡನೆ ಬರೆದಿಡಬೇಕು.