ಪ್ರಧಾನಿ ಹೇಳಿದ ಥ್ಯಾಂಕ್ಸ್

2020ರ ಏಪ್ರಿಲ್ 12, ಈಸ್ಟರ್ ಭಾನುವಾರ. ಕೋವಿಡ್ ಉಲ್ಬಣಿಸಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಸೇರಿ, ಮೂರು ರಾತ್ರಿ ಐಸಿಯುನಲ್ಲಿ ಕಳೆದಿದ್ದ ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಅಂದು ಬಿಡುಗಡೆಯಾದರು. ಅದೇ ದಿನ ಕ್ಯಾಮೆರಾ ಎದುರು ನಿಂತು ಸುಮಾರು ಐದು ನಿಮಿಷ ಮಾತಾಡಿದರು. ಜನರ ತೆರಿಗೆಯಲ್ಲಿ ನಡೆಯುವ ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಂಡವರೊಬ್ಬರ ಕೃತಜ್ಞತೆಯ ಮಾತೆಂದು ಆ ವಿಡಿಯೊವನ್ನು ಈಗ ಮತ್ತೆ ನೋಡಿದರೆ, ರೋಗಿಯ ಭಾಷಣವಾಗಿ ಅದು ಗೆದ್ದಿದೆ, ಪ್ರಧಾನಿಯ ಭಾಷಣವಾಗಿ ಸೋತಿದೆ ಎನ್ನಬೇಕಾಗುತ್ತದೆ.

ಮೊದಲು ಗೆಲುವಿನ ಮಾತು. ನಮ್ಮ ಸಭೆಗಳ ವಂದನಾರ್ಪಣೆ ಕೇಳಿದವರಿಗೆ ಗೊತ್ತು, ಎಲ್ಲರಿಗೂ ಹೇಳಿದ ವಂದನೆ ಯಾರಿಗೂ ತಲುಪುವುದಿಲ್ಲ. ಜಾನ್ಸನ್ ಆ ದಾರಿ ಹಿಡಿಯಲಿಲ್ಲ. ವೈದ್ಯರನ್ನೂ ನರ್ಸುಗಳನ್ನೂ ಹೆಸರು ಹಿಡಿದು ನೆನೆದರು. ಗುಡಿಸುವವರನ್ನು, ಅಡುಗೆಯವರನ್ನು, ಎಕ್ಸ್‌ರೇ ತೆಗೆಯುವವರನ್ನು ಬಿಡಲಿಲ್ಲ. ಬದುಕು ಆ ಕಡೆಗೋ ಈ ಕಡೆಗೋ ಎಂದಿದ್ದ 48 ಗಂಟೆಗಳಲ್ಲಿ ಹಾಸಿಗೆಯ ಪಕ್ಕ ನಿಂತಿದ್ದ ಇಬ್ಬರು ನರ್ಸುಗಳ ಊರನ್ನೂ ಹೇಳಿದರು: ಜೆನ್ನಿ, ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್‌ನವರು, ಲೂಯಿಸ್, ಪೋರ್ಚುಗಲ್ಲಿನ ಪೋರ್ಟೊ ಬಳಿಯವರು. ತನ್ನ ದೇಹಕ್ಕೆ ಕೊನೆಗೂ ಸಾಕಷ್ಟು ಆಕ್ಸಿಜನ್ ಸಿಗತೊಡಗಿದ್ದು ಅವರು ರಾತ್ರಿಯ ಪ್ರತಿ ಕ್ಷಣವೂ ಕಣ್ಣಿಟ್ಟು ಕಾದದ್ದರಿಂದ ಎಂದರು. ಇದು ಯಾವ ಭಾಷಣ ಬರಹಗಾರನೂ ಕೂತಲ್ಲೇ ಹೆಣೆಯಬಹುದಾದ ವಿವರವಲ್ಲ. ಆ ತಿಂಗಳ ಕೊನೆಗೆ ಹುಟ್ಟಿದ ಮಗನಿಗೆ, ಚಿಕಿತ್ಸೆ ನೀಡಿದ ನಿಕ್ ಎಂಬ ಹೆಸರಿನ ಇಬ್ಬರು ವೈದ್ಯರ ನೆನಪಿಗೆ, ನಿಕೊಲಸ್ ಎಂಬ ಹೆಸರನ್ನೂ ಸೇರಿಸಿ ಇಟ್ಟರು. ಕೃತಜ್ಞತೆ ನಾಟಕವಾಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಪೋರ್ಚುಗಲ್ಲಿನ ನರ್ಸಿನ ಹೆಸರು ಆ ಬಾಯಲ್ಲಿ ಬಂದದ್ದೇ ಒಂದು ಸ್ವಾರಸ್ಯ. 2016ರಲ್ಲಿ ಇದೇ ಜಾನ್ಸನ್, ಯುರೋಪಿನ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತಿದೆ, ಅದನ್ನು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಕೊಡೋಣ ಎಂದು ಬರೆದ ಕೆಂಪು ಬಸ್ಸಿನ ಮುಂದೆ ನಿಂತು ಆ ಒಕ್ಕೂಟ ಬಿಡುವ ಬ್ರೆಕ್ಸಿಟ್ ಪರ ಪ್ರಚಾರ ಮಾಡಿದ್ದರು.

ಭಾಷಣದ ಸೋಲು ಶುರುವಾಗುವುದು ಎನ್‌ಎಚ್‌ಎಸ್ ಪ್ರೀತಿಯ ಬಲದಿಂದ ನಡೆಯುತ್ತದೆ, ಅದನ್ನು ಯಾರೂ ಸೋಲಿಸಲಾರರು ಎಂಬ ಮಾತಿನಿಂದ. ಕೇಳಲು ಹಿತವಾದ ಮಾತು. ಆದರೆ 1948ರ ಜುಲೈ 5ರಂದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಆ ಸೇವೆಯನ್ನು ಆರಂಭಿಸಿದ್ದು ಯಾರದೋ ಪ್ರೀತಿಯನ್ನು ನಂಬಿಕೊಂಡಲ್ಲ. ದುಡ್ಡಿಲ್ಲದ ರೋಗಿ ದತ್ತಿ ಆಸ್ಪತ್ರೆಯ ದೊಡ್ಡವರ ಕೃಪೆಗೆ ಕಾಯಬಾರದು. ಎಲ್ಲರೂ ತೆರಿಗೆ ಕಟ್ಟಲಿ, ಕಾಯಿಲೆ ಬಿದ್ದವನು ಬಿಲ್ಲಿನ ಭಯವಿಲ್ಲದೆ ಬರಲಿ. ಯೋಜನೆಯ ತಿರುಳು ಇಷ್ಟೇ. ಕಟ್ಟುಹಲ್ಲಿಗೂ ಕನ್ನಡಕಕ್ಕೂ ರೋಗಿಗಳಿಂದ ಹಣ ಪಡೆಯಲು ಸ್ವಂತ ಸರ್ಕಾರವೇ ಹೊರಟಾಗ, 1951ರಲ್ಲಿ ಬೆವನ್ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಇಂಥ ವ್ಯವಸ್ಥೆಯಲ್ಲಿ ಗುಣವಾದವರು ನರ್ಸಿಗೆ ಕೈಮುಗಿಯುವುದು ಸಹಜ, ಚೆಂದ. ಆದರೆ ಪ್ರಧಾನಿ ಬರೀ ರೋಗಿಯಲ್ಲ. ಆ ನರ್ಸಿನ ಸಂಬಳ ಎಷ್ಟೆಂದು ಕೊನೆಗೆ ನಿರ್ಧರಿಸುವುದು ಅವರದೇ ಸರ್ಕಾರ. ಸಂಬಳ ಕೊಡುವ ಧಣಿಯೇ ನಿನ್ನ ದುಡಿಮೆಯೆಲ್ಲ ಪ್ರೀತಿಯಿಂದ ಎಂದು ಹೊಗಳಿದರೆ ದುಡಿಯುವವರು ಹುಷಾರಾಗಿರಬೇಕು.

ಮುಂದೆ ನಡೆದದ್ದು ಈ ಅನುಮಾನಕ್ಕೆ ಇಂಬು ಕೊಟ್ಟಿತು. ಯುರೋಪಿನ ಹೊರಗಿನಿಂದ ವೀಸಾ ಮೇಲೆ ಬಂದು ಎನ್‌ಎಚ್‌ಎಸ್‌ನಲ್ಲೇ ದುಡಿಯುವವರೂ ಅದೇ ಎನ್‌ಎಚ್‌ಎಸ್ ಬಳಸಲು ತಲೆಗೆ ವರ್ಷಕ್ಕೆ 400 ಪೌಂಡ್ ಆರೋಗ್ಯ ಶುಲ್ಕವನ್ನು, ಅದೂ ಆದಾಯ ತೆರಿಗೆಯ ಜತೆಗೆ, ಕಟ್ಟಬೇಕಿತ್ತು. ನಮ್ಮ ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತು ಅಲ್ಲಿಗೆ ಹೋದವರಿಗೂ ಇದು ತಪ್ಪಿದ್ದಲ್ಲ. ಮೇ 20ರಂದು ಸಂಸತ್ತಿನಲ್ಲಿ ಈ ಪ್ರಶ್ನೆ ಎದ್ದಾಗ, ಹೊರದೇಶದಿಂದ ಬಂದವರೇ ತನ್ನ ಜೀವ ಉಳಿಸಿದರೆಂದು ಜಾನ್ಸನ್ ಒಪ್ಪಿದರು. ಅದೇ ಉಸಿರಿನಲ್ಲಿ ಶುಲ್ಕವನ್ನೂ ಸಮರ್ಥಿಸಿದರು. ಗದ್ದಲವಾಯಿತು, ಮರುದಿನ ಮಣಿದರು. 2021ರ ಮಾರ್ಚ್‌ನಲ್ಲಿ ಅವರ ಸರ್ಕಾರ ಎನ್‌ಎಚ್‌ಎಸ್ ನೌಕರರಿಗೆ ಸೂಚಿಸಿದ ಸಂಬಳ ಏರಿಕೆ ಶೇ. 1. ಸಿಗಬೇಕಾದ ಗೌರವವೂ ಇಲ್ಲ, ಈಗ ಸಂಬಳವೂ ಇಲ್ಲ ಎಂದು ಹೇಳಿ ಅದೇ ಜೆನ್ನಿ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಜುಲೈ ಹೊತ್ತಿಗೆ ಶೇ. 1 ಶೇ. 3 ಆಯಿತು. 2022ರ ಡಿಸೆಂಬರ್‌ನಲ್ಲಿ, ಜಾನ್ಸನ್ ಅಧಿಕಾರ ಬಿಟ್ಟ ಮೇಲೆ, ನೂರು ವರ್ಷ ದಾಟಿದ ನರ್ಸುಗಳ ಸಂಘ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ಇತಿಹಾಸದ ಅತಿ ದೊಡ್ಡ ಮುಷ್ಕರಕ್ಕೆ ಇಳಿಯಿತು.

ಸಾವಿನ ಬಾಗಿಲಿಂದ ಈಗಷ್ಟೇ ಮರಳಿದವರ ಮಾತಿನಲ್ಲಿ ಬಜೆಟ್ಟು ಹುಡುಕುವುದು ಕ್ರೂರವಲ್ಲವೇ ಎನ್ನಬಹುದು. ಆ ವಾರ ನಾನೂ ಹುಡುಕುತ್ತಿರಲಿಲ್ಲ. ಆದರೆ ಮುಂದಿನ ಬಜೆಟ್ಟಿನಲ್ಲೂ ಆ ಮಾತಿನ ಗುರುತು ಕಾಣದಿದ್ದಾಗ ಹಿಂತಿರುಗಿ ನೋಡಲೇಬೇಕಾಯಿತು. ನಮಗೂ ಇದು ಹೊಸತಲ್ಲ. 2020ರ ಮಾರ್ಚ್ 22ರ ಸಂಜೆ 5ಕ್ಕೆ ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಹೇಳಲು ನಾವೂ ತಟ್ಟೆ ಬಡಿದೆವು. ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ, ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿ ಬೀದಿಗೆ ಬಂದಾಗ ತಟ್ಟೆ ಬಡಿದವರಲ್ಲಿ ಎಷ್ಟು ಮಂದಿ ಅವರ ಜತೆ ನಿಂತರು?

ಹೋಲಿಕೆಗೆ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಕೃತಜ್ಞತೆಯನ್ನು ನೋಡಬೇಕು. 1985ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ನ್ಯುಮೋನಿಯಾ ತಗುಲಿ, ಉಸಿರಾಟದ ಯಂತ್ರ ತೆಗೆಯೋಣವೇ ಎಂದು ಅಲ್ಲಿನ ವೈದ್ಯರು ಕೇಳುವಷ್ಟು ಅವರ ಸ್ಥಿತಿ ವಿಷಮಿಸಿತ್ತು. ಪತ್ನಿ ಜೇನ್ ಒಪ್ಪದೆ ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಗೆ ಕರೆತಂದರು. 2009ರಲ್ಲಿ ಅಮೆರಿಕದ ಪತ್ರಿಕೆಯೊಂದು, ಹಾಕಿಂಗ್ ಅವರಂಥವರು ಬ್ರಿಟನ್ನಿನಲ್ಲಿದ್ದರೆ ಬದುಕುತ್ತಲೇ ಇರಲಿಲ್ಲವೆಂದು ಸಂಪಾದಕೀಯ ಬರೆಯಿತು. ಅವರು ಬ್ರಿಟನ್ನಿನವರೇ ಎಂಬುದು ಬರೆದವರಿಗೆ ತಿಳಿದಿರಲಿಲ್ಲ. ಎನ್‌ಎಚ್‌ಎಸ್ ಇಲ್ಲದಿದ್ದರೆ ತಾನಿಂದು ಇರುತ್ತಿರಲಿಲ್ಲ ಎಂದು ಹಾಕಿಂಗ್ ಉತ್ತರಿಸಿದರು. ಅವರು ಅಲ್ಲಿಗೇ ನಿಲ್ಲಲಿಲ್ಲ. 2017ರಲ್ಲಿ ಆರೋಗ್ಯ ಸಚಿವರು ಅನುಕೂಲಕ್ಕೆ ತಕ್ಕ ಅಧ್ಯಯನಗಳನ್ನಷ್ಟೇ ಆರಿಸುತ್ತಾರೆಂದು ಬಹಿರಂಗವಾಗಿ ಟೀಕಿಸಿದರು. ಎನ್‌ಎಚ್‌ಎಸ್ ಖಾಸಗಿಯವರ ಕೈಸೇರಲು ದಾರಿಯಾದೀತೆಂಬ ಭಯದಿಂದ, ಸರ್ಕಾರದ ಹೊಸ ಬದಲಾವಣೆಗಳನ್ನು ಪ್ರಶ್ನಿಸಿ ವೈದ್ಯರು ಹೂಡಿದ ದಾವೆಯಲ್ಲಿ ತಾವೂ ಸೇರಿಕೊಂಡರು. ಉಪಕಾರ ಪಡೆದವರು ಇಷ್ಟು ಮಾಡಿದರೆ ಅದು ಪೂರ್ತಿ ಕೃತಜ್ಞತೆ. ಜಾನ್ಸನ್ ಅವರದು ಅರ್ಧ. ಹಾಕಿಂಗ್ 2018ರ ಮಾರ್ಚ್ 14ರಂದು ತೀರಿಕೊಂಡರು. ಆ ದಾವೆಯಲ್ಲಿ ಆಮೇಲೆ ಬಂದ ತೀರ್ಪು ಸರ್ಕಾರದ ಪರವಾಗಿತ್ತು.